ದಿಂಬಿನ ದೋಷ ಪತ್ತೆ: ಕಾಸರಗೋಡಿನ ಮನೆಗಳಿಗೊಂದು ಕೈಪಿಡಿ

ಬೆಳಿಗ್ಗೆ ಕುತ್ತಿಗೆ ಹಿಡಿದುಕೊಂಡರೆ ಮೊದಲ ಆರೋಪಿ ದಿಂಬು. ವಿಚಾರಣೆ ಇಲ್ಲದೆ ಶಿಕ್ಷೆಯೂ ಆಗುತ್ತದೆ. ಹಳೆಯದು ಅಟ್ಟಕ್ಕೆ ಹೋಗುತ್ತದೆ, ಬದಿಯಡ್ಕದಿಂದಲೋ ಮಂಗಳೂರಿನಿಂದಲೋ ಹೊಸದು ಬರುತ್ತದೆ, ಮುಂದಿನ ಮಳೆಗಾಲದ ಹೊತ್ತಿಗೆ ಅದೂ ಅಟ್ಟದಲ್ಲಿರುತ್ತದೆ. ನಮ್ಮ ಕಡೆಯ ಹಳೆಯ ಮನೆಗಳ ಅಟ್ಟ ಹತ್ತಿ ನೋಡಿದವರಿಗೆ ಈ ಮಾತು ವಿವರಿಸಬೇಕಾಗಿಲ್ಲ.

ದಿಂಬಿನ ಕೆಲಸ ಒಂದೇ: ಮಲಗಿದಾಗ ತಲೆಗೂ ಹಾಸಿಗೆಗೂ ನಡುವೆ ಉಳಿಯುವ ಸಂದನ್ನು ತುಂಬಿ, ಕುತ್ತಿಗೆಯನ್ನು ಬೆನ್ನುಮೂಳೆಯ ನೇರಕ್ಕೆ ಇಡುವುದು. ಆ ಸಂದು ಎಷ್ಟು ದೊಡ್ಡದು ಎಂಬುದನ್ನು ನಿಮ್ಮ ಭುಜ, ನೀವು ಮಲಗುವ ಭಂಗಿ ಮತ್ತು ಕೆಳಗಿರುವ ಹಾಸಿಗೆ ತೀರ್ಮಾನಿಸುತ್ತವೆ. ಹಾಗಾಗಿ ಪಕ್ಕದ ಮನೆಯವರಿಗೆ ವರವಾದ ದಿಂಬು ನಿಮಗೆ ಶಾಪವಾಗುವುದು ಸಹಜ. ಬೆಲೆಯ ಚೀಟಿ ನೋಡುವ ಮೊದಲು ಸಂದನ್ನು ಅಳೆಯಬೇಕು. ಅದಕ್ಕೂ ಮೊದಲು, ತಪ್ಪು ನಿಜವಾಗಿ ದಿಂಬಿನದೇ ಎಂದು ಖಚಿತ ಮಾಡಿಕೊಳ್ಳಬೇಕು.

ನೋವು ಯಾವ ಹೊತ್ತಿನದು?

ಏಳುವಾಗ ಜೋರಾಗಿದ್ದು, ಕಾಫಿ ತಿಂಡಿ ಮುಗಿಸಿ ಒಂದೆರಡು ಗಂಟೆ ಓಡಾಡಿದ ಮೇಲೆ ಇಳಿಯುವ ನೋವು ಮಲಗುವ ವ್ಯವಸ್ಥೆಯಿಂದ ಬಂದದ್ದು ಎಂದು ಶಂಕಿಸಬಹುದು. ಬೆಳಿಗ್ಗೆ ಏನೂ ಇಲ್ಲದೆ ಸಂಜೆಗೆ ಏರುವ ನೋವು ಹಗಲಿನ ಕೆಲಸದ್ದು. ಇದು ಹೇಳಿದಷ್ಟು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ, ಏಕೆಂದರೆ ನಮ್ಮಲ್ಲಿ ಕುತ್ತಿಗೆಯನ್ನು ಇಡೀ ದಿನ ಒಂದೇ ದಿಕ್ಕಿಗೆ ಬಾಗಿಸಿಡುವ ಕೆಲಸಗಳು ಹೆಚ್ಚು. ಅಡಿಕೆ ತೋಟದಲ್ಲಿ ನೆಲದ ಮೇಲೆ ನಿಂತು ದೋಟಿಯಿಂದ ಗೊನೆ ಇಳಿಸುವವರು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತು-ಸುಣ್ಣದ ಔಷಧ) ಸಿಂಪಡಿಸುವವರು ಗಂಟೆಗಟ್ಟಲೆ ಮುಖ ಮೇಲೆತ್ತಿಯೇ ಇರುತ್ತಾರೆ. ಬೀಡಿ ಕಟ್ಟುವವರದು ಇದರ ತದ್ವಿರುದ್ಧ: ಮಡಿಲಿನ ಗೆರಸೆಯ ಮೇಲೆ ತಲೆ ಬಗ್ಗಿಸಿದರೆ ಎತ್ತುವುದು ಊಟಕ್ಕೆ. ಇಬ್ಬರಿಗೂ ರಾತ್ರಿಯ ಹೊತ್ತಿಗೆ ಕುತ್ತಿಗೆ ಬಿಗಿದಿರುತ್ತದೆ, ಇಬ್ಬರೂ ಬೈಯುವುದು ದಿಂಬಿಗೆ. ಮೊಬೈಲ್ ನೋಡುವವರನ್ನು ಬೀಡಿಯವರ ಸಾಲಿಗೆ ಸೇರಿಸಿಕೊಳ್ಳಿ. ಅವರಿಗೆ ಕೂಲಿಯೂ ಇಲ್ಲ.

ಪರೀಕ್ಷೆಗೆ ಒಳ್ಳೆಯ ಅವಕಾಶ ನೆಂಟರ ಮನೆ. ಮದುವೆಗೋ ಪೂಜೆಗೋ ಹೋಗಿ ಬೇರೆ ಹಾಸಿಗೆಯಲ್ಲಿ ಮಲಗಿ ಎದ್ದಾಗ ಕುತ್ತಿಗೆ ಹಗುರವಾಗಿದ್ದರೆ ನಿಮ್ಮ ಮನೆಯ ಮಂಚದತ್ತ ಬೆರಳು ತೋರಿಸಬಹುದು. ಅಲ್ಲಿಯೂ ಅದೇ ನೋವಿದ್ದರೆ ಹೊಸ ದಿಂಬಿನ ಖರ್ಚು ಉಳಿಯಿತು ಎಂದುಕೊಳ್ಳಿ.

ಕೆಲವು ಲಕ್ಷಣಗಳಿಗೆ ದಿಂಬಿನ ಪ್ರಯೋಗ ಮಾಡುತ್ತಾ ಕೂರಬಾರದು. ನೋವು ತೋಳಿಗೆ ಹರಿದು ಬೆರಳು ಜೋಮು ಹಿಡಿಯುವುದು, ಹಿಡಿತ ಸಡಿಲವಾಗಿ ಲೋಟ ಜಾರುವುದು, ನಡಿಗೆ ತಪ್ಪುವುದು, ಜ್ವರದೊಡನೆ ಕುತ್ತಿಗೆ ಸೆಟೆದುಕೊಳ್ಳುವುದು ಇವೆಲ್ಲ ನೇರವಾಗಿ ವೈದ್ಯರ ಬಳಿಗೆ ಹೋಗಬೇಕಾದವು. ಮರದಿಂದ ಬಿದ್ದ ಮೇಲೆ ಶುರುವಾದ ಕುತ್ತಿಗೆ ನೋವಂತೂ, ಎಷ್ಟೇ ಸಣ್ಣದಾಗಿ ಕಂಡರೂ, ಎಣ್ಣೆ ತಿಕ್ಕುವ ಮೊದಲು ಎಕ್ಸ್‌ರೇ ಕಾಣಬೇಕು.

ಎತ್ತರದ ತಪ್ಪು

ದಿಂಬಿನ ದೂರುಗಳಲ್ಲಿ ಹೆಚ್ಚಿನವು ಕೊನೆಗೆ ಬಂದು ನಿಲ್ಲುವುದು ಎತ್ತರದಲ್ಲಿ. ಏಳುವ ಹೊತ್ತಿಗೆ ದೇಹ ಎಲ್ಲಿದೆ, ಕೈ ಎಲ್ಲಿದೆ ಎಂದು ನೋಡಿಕೊಂಡರೆ ಅರ್ಧ ಉತ್ತರ ಸಿಗುತ್ತದೆ.

ಎಚ್ಚರವಾದಾಗ ಅಂಗೈಯೋ ಮೊಣಕೈಯೋ ದಿಂಬಿನ ಅಡಿಯಲ್ಲಿದ್ದರೆ ದಿಂಬು ತಗ್ಗಾಗಿದೆ. ನಿದ್ದೆಯಲ್ಲೇ ದೇಹ ಕೈಯನ್ನು ಒತ್ತುಗೊಟ್ಟು ಎತ್ತರ ಸರಿಪಡಿಸಿಕೊಂಡಿದೆ. ದಿಂಬನ್ನು ಮಡಚಿ ಮಲಗುವ ಅಭ್ಯಾಸವೂ ಇದನ್ನೇ ಹೇಳುತ್ತದೆ. ಇದಕ್ಕೆ ಪ್ರತಿಯಾಗಿ, ಬೆಳಿಗ್ಗೆ ತಲೆ ದಿಂಬಿನಿಂದ ಜಾರಿ ಹಾಸಿಗೆಯ ಮೇಲಿದ್ದರೆ, ಅಥವಾ ಅಂಗಾತ ಮಲಗಿದಾಗ ಗಲ್ಲ ಎದೆಯ ಕಡೆಗೆ ಒತ್ತಿ ಗೊರಕೆ ಹೆಚ್ಚಾದರೆ ದಿಂಬು ಎತ್ತರವಾಗಿದೆ. ಕಿವಿ ಮಾತ್ರ ನೋಯುತ್ತಿದ್ದರೆ ಎತ್ತರಕ್ಕಿಂತ ಗಡಸುತನದ ಮೇಲೆ ಸಂಶಯಪಡಿ.

ಮಗ್ಗುಲಾಗಿ ಮಲಗುವವರಿಗೆ ಸಂದು ಅತಿ ದೊಡ್ಡದು, ಏಕೆಂದರೆ ಇಡೀ ಭುಜದ ಅಗಲವನ್ನು ತುಂಬಬೇಕು. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 10ರಿಂದ 15 ಸೆಂಟಿಮೀಟರ್. ಅಂಗಾತ ಮಲಗುವವರಿಗೆ ಅದಕ್ಕಿಂತ ಕಡಿಮೆ ಸಾಕು. ಕುತ್ತಿಗೆಯ ಬಳುಕಿಗೆ ಆಸರೆ ಸಿಕ್ಕಿ ತಲೆ ಮುಂದಕ್ಕೆ ಬಾಗದಿದ್ದರಾಯಿತು. ಬೋರಲಾಗಿ ಮಲಗುವವರಿಗೆ ತೀರಾ ತೆಳುವಾದದ್ದು ಬೇಕು, ಇಲ್ಲವೇ ದಿಂಬೇ ಬೇಡ. ಆ ಭಂಗಿಯಲ್ಲಿ ಕುತ್ತಿಗೆ ರಾತ್ರಿಯಿಡೀ ಒಂದು ಕಡೆಗೆ ತಿರುಚಿಕೊಂಡಿರುತ್ತದೆ. ಯಾವ ದಿಂಬೂ ಅದನ್ನು ಪೂರ್ತಿ ಸರಿಮಾಡಲಾರದು.

ಈ ಸೆಂಟಿಮೀಟರ್ ಲೆಕ್ಕ ತಲೆ ಇಟ್ಟ ಮೇಲಿನ ಎತ್ತರದ್ದು ಎಂಬುದು ನೆನಪಿರಲಿ. ವಯಸ್ಕರ ತಲೆ ಸುಮಾರು 4ರಿಂದ 5 ಕಿಲೋ ತೂಗುತ್ತದೆ. ಅಂಗಡಿಯಲ್ಲಿ ಉಬ್ಬಿ ನಿಂತ ಫೈಬರ್ ದಿಂಬು ಆ ಭಾರಕ್ಕೆ ಅರ್ಧಕ್ಕೆ ಇಳಿಯಬಹುದು, ಬೂರುಗದ ಮರದ ಹತ್ತಿಯನ್ನು ಗಟ್ಟಿಯಾಗಿ ತುಂಬಿದ ದಿಂಬು ಸ್ವಲ್ಪವೇ ಇಳಿಯಬಹುದು.

ಇನ್ನು ಹಾಸಿಗೆ. ಇದನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ತೆಂಗಿನ ನಾರಿನ ಗಟ್ಟಿ ಹಾಸಿಗೆಯಲ್ಲಿ ಭುಜ ತಗ್ಗುವುದಿಲ್ಲ, ನೆಲಕ್ಕೆ ಚಾಪೆ ಹಾಸಿ ಮಲಗಿದರಂತೂ ತಗ್ಗುವ ಪ್ರಶ್ನೆಯೇ ಇಲ್ಲ. ಆದ್ದರಿಂದ ಮಗ್ಗುಲಾಗಿ ಮಲಗುವವರಿಗೆ ಎತ್ತರದ ದಿಂಬು ಬೇಕು. ಮೆತ್ತನೆಯ ಫೋಮ್ ಹಾಸಿಗೆಯಲ್ಲಿ ಭುಜ ಒಳಗಿಳಿಯುವುದರಿಂದ ಅದೇ ದಿಂಬು ಎತ್ತರವಾಗಿಬಿಡುತ್ತದೆ. ಗಲ್ಫ್‌ನಿಂದ ಮಗ ಬಂದು ಹಳೆಯ ನಾರಿನ ಹಾಸಿಗೆ ತೆಗೆಸಿ ದಪ್ಪದ ಹೊಸ ಹಾಸಿಗೆ ಹಾಕಿಸಿದ ಮೇಲೆ ಅಮ್ಮನಿಗೆ ಕುತ್ತಿಗೆ ನೋವು ಶುರುವಾದ ಮನೆಗಳಿವೆ. ಅಲ್ಲಿ ಹಾಸಿಗೆಯೂ ಚೆನ್ನಾಗಿದೆ, ದಿಂಬೂ ಚೆನ್ನಾಗಿದೆ. ಎರಡಕ್ಕೂ ಹೊಂದಾಣಿಕೆ ಇಲ್ಲ.

ಹೆಂಗಸರ ವಿಷಯದಲ್ಲಿ ಇನ್ನೊಂದು: ತುರುಬು ಬಿಚ್ಚದೆ ಅಂಗಾತ ಮಲಗಿದರೆ ಅದು ತಲೆಯನ್ನು ಮುಂದಕ್ಕೆ ನೂಕುತ್ತದೆ. ದಿಂಬು ಬದಲಿಸುವ ಮೊದಲು ಜಡೆ ಹೆಣೆದು ಪಕ್ಕಕ್ಕೆ ಹಾಕಿಕೊಂಡು ಕೆಲವು ರಾತ್ರಿ ನೋಡಬಹುದು.

ಬೈರಾಸಿನ ಪರೀಕ್ಷೆ

ದುಡ್ಡು ಖರ್ಚಿಲ್ಲದೆ ಸರಿಯಾದ ಎತ್ತರ ಕಂಡುಕೊಳ್ಳುವ ದಾರಿ ಇದು. ದಪ್ಪದ ಬೈರಾಸುಗಳನ್ನು, ಅಂದರೆ ಮೈ ಒರೆಸುವ ಟವೆಲ್‌ಗಳನ್ನು, ಒಂದೇ ಅಗಲಕ್ಕೆ ಮಡಚಿ ಒಂದರ ಮೇಲೊಂದು ಇಟ್ಟು, ದಿಂಬಿನ ಬದಲಿಗೆ ಅವುಗಳ ಮೇಲೆ ತಲೆ ಇಡಿ. ನೀವು ದಿನಾ ಮಲಗುವ ಹಾಸಿಗೆಯಲ್ಲೇ, ದಿನಾ ಮಲಗುವ ಭಂಗಿಯಲ್ಲೇ ಆಗಬೇಕು. ಮನೆಯವರೊಬ್ಬರು ಹಿಂದಿನಿಂದ ಮೊಬೈಲಿನಲ್ಲಿ ಫೋಟೋ ತೆಗೆಯಲಿ. ಮಗ್ಗುಲಾಗಿ ಮಲಗಿದಾಗ ಬೆನ್ನುಮೂಳೆಯ ಗೆರೆ ಕುತ್ತಿಗೆಯವರೆಗೂ ಹಾಸಿಗೆಗೆ ಸಮಾನಾಂತರವಾಗಿ ಹೋಗಬೇಕು. ಎದುರಿನಿಂದ ನೋಡಿದರೆ ಮೂಗು, ಗಲ್ಲ, ಎದೆಯ ನಡುಭಾಗ ಒಂದೇ ಗೆರೆಯಲ್ಲಿರಬೇಕು. ಮೂಗು ಹಾಸಿಗೆಯ ಕಡೆಗೆ ವಾಲಿದರೆ ಒಂದು ಮಡಿಕೆ ಸೇರಿಸಿ, ಮಾಡಿನ ಕಡೆಗೆ ವಾಲಿದರೆ ಒಂದು ತೆಗೆಯಿರಿ.

ಫೋಟೋಗೆ ಸರಿ ಕಂಡ ಎತ್ತರದಲ್ಲೇ ಕೆಲವು ರಾತ್ರಿ ಮಲಗಿ. ಬೈರಾಸಿನ ಅಟ್ಟಿ ಸುಖವಾಗಿಲ್ಲ ಎನ್ನುವುದು ನಿಜ, ಆದರೆ ಇಲ್ಲಿ ನೋಡುತ್ತಿರುವುದು ಸುಖವನ್ನಲ್ಲ, ಬೆಳಗಿನ ಕುತ್ತಿಗೆಯನ್ನು. ನೋವು ಇಳಿಯಿತೇ? ತಲೆ ಇಟ್ಟಿರುವಾಗಲೇ ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿ ಎತ್ತರ ಅಳೆದು ಬರೆದಿಟ್ಟುಕೊಳ್ಳಿ. ಅಂಗಡಿಗೆ ಒಯ್ಯಬೇಕಾದದ್ದು ಆ ಅಳತೆಯನ್ನು.

ಈ ದಿನಗಳಲ್ಲಿ ಹಾಸಿಗೆಯ ಜಾಗ ಬದಲಿಸುವುದು, ಹೊಸ ನೋವಿನೆಣ್ಣೆ ಹಚ್ಚುವುದು, ಭಂಗಿ ಬದಲಿಸುವುದು ಬೇಡ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ, ಯಶಸ್ಸು ಎಣ್ಣೆಯ ಪಾಲಾಗುತ್ತದೆ.

ಅಂಗಡಿಯಲ್ಲಿ ಸರಿ ಇತ್ತು, ಮನೆಯಲ್ಲಿ ಕುಸಿಯುತ್ತದೆ

ಇದು ಮೆಮೊರಿ ಫೋಮ್‌ನ ಪ್ರಸಿದ್ಧ ದೂರು. ಈ ಫೋಮ್ ಹುಟ್ಟಿದ್ದು 1966ರಲ್ಲಿ, ನಾಸಾದ ಗುತ್ತಿಗೆಯ ಮೇಲೆ ವಿಮಾನದ ಆಸನಗಳಿಗಾಗಿ. ಬಿಸಿಗೆ ಮೆದುವಾಗುವುದು, ತಂಪಿಗೆ ಬಿಗಿಯುವುದು ಅದರ ಗುಣ. ಎಸಿ ಹಾಕಿದ ಅಂಗಡಿಯಲ್ಲಿ ಕೈಯಲ್ಲಿ ಒತ್ತಿ ನೋಡಿದಾಗ ಗಟ್ಟಿಯಾಗಿದ್ದದ್ದು ಕುಂಬಳೆಯ ಏಪ್ರಿಲ್ ರಾತ್ರಿಯಲ್ಲಿ, ಮೈಬಿಸಿಯೂ ಸೇರಿ, ಸೋತು ತಗ್ಗುತ್ತದೆ. ಎತ್ತರ ಒಂದೇ ಆಗಿ ಉಳಿಯುವುದಿಲ್ಲ. ಫ್ಯಾನಿನಲ್ಲೇ ಬೇಸಿಗೆ ಕಳೆಯುವ ಮನೆಯವರು ಇದನ್ನು ಕೊಳ್ಳುವುದಾದರೆ ಅಳತೆಗಿಂತ ಸ್ವಲ್ಪ ಎತ್ತರದ್ದನ್ನೂ ಗಡಸಾದದ್ದನ್ನೂ ಆರಿಸಬೇಕು. ತಲೆ ಬೆವರುವವರು ಕೊಳ್ಳದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಗಾಳಿ ಆಡದ ಫೋಮ್ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಸ ಫೋಮ್‌ನ ರಾಸಾಯನಿಕ ವಾಸನೆ ಗಾಳಿ ಆಡುವ ನೆರಳಿನಲ್ಲಿ ಕೆಲವು ದಿನ ಇಟ್ಟರೆ ಹೋಗುತ್ತದೆ.

ಫೈಬರ್ ದಿಂಬು ಕುಸಿದಿದ್ದರೆ ನಡುವಿಗೆ ಮಡಚಿ, ಮೇಲೆ ಒಂದು ಚಪ್ಪಲಿ ಇಟ್ಟು ಕೈಬಿಡಿ. ಚಪ್ಪಲಿಯನ್ನು ಕೊಡವಿ ಬಿಡಿಸಿಕೊಂಡರೆ ಜೀವ ಇದೆ. ಮಡಚಿದ ಹಾಗೇ ಬಿದ್ದಿದ್ದರೆ ಅದರ ಕಾಲ ಮುಗಿದಿದೆ. ಇಂಥವು ಒಂದೆರಡು ವರ್ಷಕ್ಕಿಂತ ಹೆಚ್ಚು ಬಾಳುವುದು ಕಡಿಮೆ. ಬೂರುಗದ ದಿಂಬಿಗೂ ಮೆಮೊರಿ ಫೋಮ್‌ಗೂ ಈ ಪರೀಕ್ಷೆ ಅನ್ವಯಿಸುವುದಿಲ್ಲ.

ಬೂರುಗದ ದಿಂಬು ಗಂಟು ಕಟ್ಟಿದೆ

ಕಾಸರಗೋಡಿನವರಿಗೆ ಇದು ತವರಿನ ವಸ್ತು. ಬೇಲಿ ಬದಿಯ ಬೂರುಗದ ಮರದಲ್ಲಿ ಎರಡೂ ತುದಿ ಚೂಪಾದ ಕಾಯಿ ಜೋತುಬಿದ್ದು, ಮಾರ್ಚ್–ಏಪ್ರಿಲಿನಲ್ಲಿ ಒಣಗಿ ಬಿರಿಯುತ್ತದೆ. ಮಲಬಾರಿನ ನೇಂದ್ರಬಾಳೆಯ ತಿಂಡಿ ಉನ್ನಕ್ಕಾಯಿ ಈ ಕಾಯಿಯದೇ ಆಕಾರದ್ದು. ಒಳಗಿನ ಎಳೆ ಟೊಳ್ಳಾಗಿದ್ದು ಮೇಣದ ಪದರ ಹೊದ್ದಿರುತ್ತದೆ. ಅದಕ್ಕೇ ಅದು ಅಷ್ಟು ಹಗುರ, ನೀರಿಗೆ ಅಷ್ಟು ದೂರ. ಹಿಂದೆ ಹಡಗಿನವರ ಜೀವರಕ್ಷಕ ಕವಚಗಳಿಗೆ ಇದನ್ನೇ ತುಂಬುತ್ತಿದ್ದರು. ಎಳೆ ಗಿಡ್ಡ ಮತ್ತು ನುಣುಪು, ನೂಲಲು ಬಾರದು.

ದಿಂಬು ಗಂಟು ಕಟ್ಟಿದರೆ ಹೊರಗಿನಿಂದ ಹಿಸುಕುತ್ತಾ ಕೂರಬೇಡಿ. ಒಳಚೀಲದ ಗಿಡ್ಡ ಅಂಚಿನ ಹೊಲಿಗೆಯನ್ನು ನಾಲ್ಕು ಬೆರಳಗಲ ಬಿಚ್ಚಿ, ನಡುಭಾಗದಿಂದಲೇ ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿಯಿರಿ. ಒಳ್ಳೆಯ ಬೂರುಗದಲ್ಲಿ ಎಳೆ ಹೊಳೆಯುತ್ತದೆ, ಮುಷ್ಟಿ ಕಟ್ಟಿ ಬಿಟ್ಟರೆ ಮೆಲ್ಲಗೆ ಅರಳುತ್ತದೆ. ಅಡಿಕೆ ಗಾತ್ರದ ಉಂಡೆಗಳು ಸಿಕ್ಕಿ, ಬೆರಳಿನಿಂದ ಬಿಡಿಸಿದಾಗ ಮತ್ತೆ ಎಳೆ ಎಳೆಯಾದರೆ ದಿಂಬನ್ನು ಉಳಿಸಿಕೊಳ್ಳಬಹುದು. ಬಿಡಿಸುವಾಗ ಎಳೆ ತುಂಡಾಗಿ, ಬಿಸಿಲಕೋಲಿನಲ್ಲಿ ಸಣ್ಣ ಹುಡಿ ತೇಲತೊಡಗಿ, ಮೂಗು ತುರಿಸಿದರೆ ಅದು ಹಳತಾಗಿ ಪುಡಿಯಾಗಿದೆ. ಅದನ್ನು ಎಷ್ಟು ಒಣಗಿಸಿದರೂ ಪ್ರಯೋಜನವಿಲ್ಲ. ಮೆಣಸಿನ ಕಾಳಿನಂಥ ಕಪ್ಪು ಬೀಜಗಳು ಹಿಡಿಯಲ್ಲಿ ಬಂದರೆ ಹೊಲಿದವನು ಸೋಸಿಲ್ಲ ಎಂದರ್ಥ. ಬೀಜದಲ್ಲಿ ಎಣ್ಣೆಯಂಶ ಇರುವುದರಿಂದ ಅದು ಹುಳುವನ್ನೂ ಕರೆಯುತ್ತದೆ.

ಬೂರುಗ ಎಂದು ಹೇಳಿ ಹತ್ತಿಯ ಚೂರು ಬೆರೆಸುವುದೂ ಉಂಟು. ಚಿಟಿಕೆಯಷ್ಟನ್ನು ನೀರಿನ ಲೋಟಕ್ಕೆ ಹಾಕಿ ಬೆರಳಿನಿಂದ ಅದುಮಿ ಬಿಡಿ. ಬೂರುಗ ಮತ್ತೆ ತೇಲಿ ಬರುತ್ತದೆ. ಮಿಲ್ಲಿನ ಹತ್ತಿ ನೀರು ಕುಡಿದು ತಳ ಸೇರುತ್ತದೆ. ಬೆರಕೆಯ ದಿಂಬೇ ಮಳೆಗಾಲದಲ್ಲಿ ಮೊದಲು ಭಾರವಾಗುವುದು, ಗಂಟು ಕಟ್ಟುವುದು.

ಉಳಿಸಿಕೊಳ್ಳಬಹುದಾದ ದಿಂಬನ್ನು ಹಾಸಿಗೆ ಹೊಲಿಯುವವರಲ್ಲಿಗೆ ಒಯ್ದು ಪೂರ್ತಿ ಬಿಚ್ಚಿಸಿ, ಹಿಂಜಿ, ಒಣಗಿಸಿ, ಹೊಸ ಒಳಚೀಲದಲ್ಲಿ ತುಂಬಿಸಬೇಕು. "ಗಟ್ಟಿಯಾಗಿ ತುಂಬಲಾ ಅಣ್ಣಾ?" ಎಂದು ಅವರು ಕೇಳಿಯೇ ಕೇಳುತ್ತಾರೆ. ಹೆಚ್ಚು ತುಂಬಿದರೆ ಗಿರಾಕಿಗೆ ಸಂತೋಷ ಎಂಬುದು ಅವರ ಅನುಭವ. ಆಗ ಬೈರಾಸಿನ ಅಳತೆಯನ್ನು ಹೇಳಿ, ಅಲ್ಲೇ ಬೆಂಚಿನ ಮೇಲೆ ಮಗ್ಗುಲಾಗಿ ಮಲಗಿ ನೋಡಿ, ಹೊಲಿಗೆ ಹಾಕುವ ಮೊದಲೇ ಹಿಡಿ ತೆಗೆಸಿ ಅಥವಾ ಸೇರಿಸಿ. ಕಂಪನಿಯ ಯಾವ ದಿಂಬಿನಲ್ಲೂ ಈ ಸವಲತ್ತು ಇಲ್ಲ. ಹೊಸದಾಗಿ ತುಂಬಿದ್ದು ಮೊದಲ ತಿಂಗಳುಗಳಲ್ಲಿ ಸ್ವಲ್ಪ ಕೂರುತ್ತದೆ, ಆದ್ದರಿಂದ ಅಳತೆಗಿಂತ ಒಂದು ಬೆರಳು ಎತ್ತರ ಇರಲಿ.

ಬೂರುಗದ ದಿಂಬನ್ನು ಒಗೆಯಬಾರದು, ಒಗೆಯುವುದು ಹೊರಚೀಲವನ್ನು ಮಾತ್ರ. ಬೇಗ ಬೆಂಕಿ ಹಿಡಿಯುವ ವಸ್ತುವಾದ್ದರಿಂದ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಹಳೆಯ ಅಭ್ಯಾಸವನ್ನೂ ಬಿಡಬೇಕು.

ಮುಗ್ಗಲು ವಾಸನೆ, ಸೀನು

ವರ್ಷಕ್ಕೆ 3000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುವ ಊರು ನಮ್ಮದು. ಜೂನ್ ಹಿಡಿದು ತುಳುವರ ಆಟಿ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮುಗಿಯುವವರೆಗೆ ಗಾಳಿಯೇ ಒದ್ದೆ. ಧೂಳಿನ ನುಸಿಗಳು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತವೆ. ಗಾಳಿಯ ಆರ್ದ್ರತೆ ಶೇಕಡ 50ಕ್ಕಿಂತ ಕೆಳಗೆ ಉಳಿದರೆ ಒಣಗಿ ಸಾಯುತ್ತವೆ. ಇಲ್ಲಿ ಅವುಗಳಿಗೆ ಆ ಕಷ್ಟ ಅಪರೂಪ. ಬೂಷ್ಟಿನ ಕತೆಯೂ ಇದೇ. 2005ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಬಳಸಿದ ದಿಂಬುಗಳನ್ನು ಪರೀಕ್ಷಿಸಿ ಅವುಗಳಲ್ಲಿ ಹಲವು ಬಗೆಯ ಶಿಲೀಂಧ್ರಗಳನ್ನು ಕಂಡಿದ್ದರು, ಗರಿಯ ದಿಂಬು, ಫೈಬರ್ ದಿಂಬು ಎರಡರಲ್ಲೂ. ಅದು ಅಲ್ಲಿನ ತಂಪಿನ ದೇಶದ ಮಾತು.

ಮಲಗಿದ ಸ್ವಲ್ಪ ಹೊತ್ತಿಗೂ ಬೆಳಗಿನ ಜಾವಕ್ಕೂ ಸೀನು ಬಂದು, ಕೋಣೆಯಿಂದ ಹೊರಬಂದ ಮೇಲೆ ನಿಂತರೆ ಹಾಸಿಗೆ-ದಿಂಬು ಕಾರಣ ಇರಬಹುದು. ಅಡಿಕೆ ಸುಲಿಯುವ ದಿನಗಳಲ್ಲಿ ಮಾತ್ರ ಬರುವ ಸೀನಿಗೆ ಸಿಪ್ಪೆಯ ಧೂಳನ್ನು ಕೇಳಿ. ಹೊರಚೀಲ ತೆಗೆದು ಒಳಚೀಲವನ್ನು ಮೂಸಿ ನೋಡಿ: ತೆಂಗಿನೆಣ್ಣೆಯ ಕಮಟು ವಾಸನೆಯಾದರೆ ಒಗೆತದಿಂದ ಹೋಗುತ್ತದೆ, ಮಣ್ಣಿನ ಮುಗ್ಗಲಾದರೆ ಒಳಗೆ ಬೂಷ್ಟು ಸೇರಿದೆ. ಕಪ್ಪು ಚುಕ್ಕೆ ಒಳಚೀಲ ದಾಟಿದ ದಿಂಬನ್ನು ಇಟ್ಟುಕೊಳ್ಳಬೇಡಿ.

ಕೆಲಸ ಮಾಡಬೇಕಾದದ್ದು ಮಳೆಗೆ ಮೊದಲು. ಮೇ 24–25ರ ಸುಮಾರಿಗೆ ಬರುವ ಪತ್ತನಾಜೆಯೊಳಗೆ (ತುಳುವರ ಬೇಶ ತಿಂಗಳ ಹತ್ತನೆಯ ದಿನ) ಮನೆಯ ದಿಂಬುಗಳೆಲ್ಲ ಅಂಗಳ ಕಾಣಬೇಕು. ಅಡಿಕೆ ಖಾಲಿಯಾದ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲಿಗೆ ಹಾಕಿ, ನಡುವೆ ಮಗುಚಿ, ಬೆತ್ತದಿಂದ ಮೆತ್ತಗೆ ಬಡಿದು, ಹಿಮ ಬೀಳುವ ಮೊದಲು ಒಳಗೆ ತನ್ನಿ. ಬಿಸಿ ಆರಿದ ಮೇಲೆಯೇ ಚೀಲ ಹಾಕಿ. ಬಿಸಿಲು ನುಸಿಯನ್ನು ಕೊಲ್ಲಬಹುದು, ಆದರೆ ಅಲರ್ಜಿ ತರುವ ಅದರ ಹಿಕ್ಕೆ ಉಳಿಯುತ್ತದೆ, ಬಡಿಯುವುದು ಅದಕ್ಕಾಗಿ. ಲ್ಯಾಟೆಕ್ಸ್ ಮತ್ತು ಫೋಮ್ ದಿಂಬುಗಳನ್ನು ಮಾತ್ರ ಬಿಸಿಲಿಗೆ ಇಡಬಾರದು. ಬಿಸಿಲಿಗೆ ಲ್ಯಾಟೆಕ್ಸ್ ಬಿರುಕುಬಿಟ್ಟು ಪುಡಿಯಾಗುತ್ತದೆ. ಅವುಗಳಿಗೆ ನೆರಳಿನ ಗಾಳಿ.

ಹೊರಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ. ಬಚ್ಚಲಿನ ಹಂಡೆ ಇರುವ ಮನೆಗಳಿಗೆ ಇದು ಕಷ್ಟವಲ್ಲ: ಕೈ ಹಾಕಲಾಗದಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ ಮುಚ್ಚಿಡಿ. ಫೈಬರ್ ದಿಂಬನ್ನೂ ಒಗೆಯಬಹುದು, ಆದರೆ ಜೂನ್ ಬಂದ ಮೇಲೆ ಅದಕ್ಕೆ ಕೈ ಹಾಕಬೇಡಿ. ನಡುಭಾಗ ಒಣಗದ ದಿಂಬು ಒಗೆಯದ ದಿಂಬಿಗಿಂತ ಕೆಟ್ಟದು. ಅಡಿಕೆ ಒಣಗಿಸಲು ಅಂಗಳಕ್ಕೆ ಪ್ಲಾಸ್ಟಿಕ್ ಮಾಡು ಹಾಕಿಸಿಕೊಂಡವರು ಆಟಿಯ ಬಿಸಿಲು ಬಿಟ್ಟ ಹೊತ್ತಿನಲ್ಲಿ ಅದರೊಳಗೆ ಒಂದು ಬೆಂಚು ಇಟ್ಟು ದಿಂಬು ಒಣಗಿಸಿಕೊಳ್ಳಬಹುದು. ಉಳಿದವರು ದಿಂಬನ್ನು ಕೆಂಪುಕಲ್ಲಿನ ಗೋಡೆಗೆ ತಾಗದಂತೆ, ಫ್ಯಾನಿನ ಎದುರು ನಿಲ್ಲಿಸಿ ಇಡಲಿ. ಮಳೆಗಾಲದಲ್ಲಿ ತಲೆಗೆ ಮಿಂದು ಕೂದಲು ಆರುವ ಮೊದಲೇ ಮಲಗುವುದು ದಿಂಬಿಗೆ ಮಾಡುವ ದೊಡ್ಡ ಅನ್ಯಾಯ.

ಇನ್ನಿತರ

ಎದೆಯುರಿಗೆ ಎರಡು ದಿಂಬು ಪೇರಿಸಿದರೆ ಹೊಟ್ಟೆ ಮಡಚಿಕೊಂಡು ಉರಿ ಹೆಚ್ಚಬಹುದು. ಮಂಚದ ತಲೆಭಾಗದ ಕಾಲುಗಳ ಕೆಳಗೆ ಅಲುಗಾಡದಂತೆ ಮರದ ತುಂಡು ಕೊಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸುವುದು ಸರಿಯಾದ ಕ್ರಮ. ಗೊರಕೆಯ ನಡುವೆ ಉಸಿರು ನಿಂತು ಮತ್ತೆ ಏದುಸಿರಿನಿಂದ ಶುರುವಾಗುವುದನ್ನು ಮನೆಯವರು ಗಮನಿಸಿದ್ದರೆ ದಿಂಬಿನ ಅಂಗಡಿ ಬಿಟ್ಟು ವೈದ್ಯರನ್ನು ಕಾಣಿ. ಗರ್ಭಿಣಿಯರಿಗೆ ಮಗ್ಗುಲಾಗಿ ಮಲಗುವಾಗ ಮೊಣಕಾಲುಗಳ ನಡುವೆ ಇನ್ನೊಂದು ದಿಂಬು ಬೇಕಾಗುತ್ತದೆ. ಅಟ್ಟದ ಹಳೆಯ ತೆಳು ದಿಂಬು, ಬೂಷ್ಟು ಇಲ್ಲದಿದ್ದರೆ, ಅದಕ್ಕೆ ಸಾಕು.

ಒಂದು ವರ್ಷ ತುಂಬದ ಮಗುವಿಗೆ ದಿಂಬೇ ಕೂಡದು, ತಲೆ ದುಂಡಗಾಗಲಿ ಎಂದು ಹೊಲಿಸುವ ಸಾಸಿವೆ ದಿಂಬು ಕೂಡ. ಮೂಗು ಮುಚ್ಚಿ ಉಸಿರು ಕಟ್ಟುವ ಅಪಾಯ ಇದೆ. ಅಜ್ಜಿಯಂದಿರು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ, ಮಗುವಿನ ವೈದ್ಯರಿಂದಲೇ ಹೇಳಿಸುವುದು ಜಾಣತನ.

ಕಾಲ ಮುಗಿದ ದಿಂಬನ್ನು ಏನು ಮಾಡುವುದು? ಪುಡಿಯಾದ ಬೂರುಗವನ್ನು ನೆನೆಸಿ ತೋಟದ ಗೊಬ್ಬರದ ಗುಂಡಿಗೆ ಹಾಕಬಹುದು. ಫೋಮ್ ಮತ್ತು ಫೈಬರನ್ನು ತೆಂಗಿನಗರಿಯ ಜೊತೆ ಸೇರಿಸಿ ಸುಡಬಾರದು, ಫೋಮ್ ಉರಿದರೆ ಬರುವ ಹೊಗೆಯಲ್ಲಿ ಸಯನೈಡ್ ಅನಿಲವೂ ಇರುತ್ತದೆ. ಕಸ ಸಂಗ್ರಹಕ್ಕೆ ಮನೆಗೆ ಬರುವ ಪಂಚಾಯತಿನ ಹರಿತ ಕರ್ಮ ಸೇನೆಯವರಲ್ಲಿ ಹಾಸಿಗೆ-ದಿಂಬು ತೆಗೆದುಕೊಳ್ಳುವ ತಿಂಗಳು ಯಾವುದೆಂದು ಕೇಳಿ, ಅಲ್ಲಿಯವರೆಗೆ ಒಣಗಿದ ಗೋಣಿಯಲ್ಲಿ ಕಟ್ಟಿಡಿ.